ತಾಳದ ಒಂದು ಏಟು

ಅಣ್ಣಾ,

ಲಕೋಟೆಯ ಮೇಲೆ ‘ಮಾನ್ಯ ಶಾಸಕರಿಗೆ’ ಅಂತಲೇ ಬರೆದಿದ್ದೇನೆ. ಒಳಗೂ ಹಾಗೆ ಬರೆಯಲು ಕೈ ಬರಲಿಲ್ಲ.

ಇಪ್ಪತ್ತೆರಡು ವರ್ಷ ನೀವು ದೇವರ ಕಥೆ ಹೇಳಿದಿರಿ, ನಾನು ಪಕ್ಕದಲ್ಲಿ ಕೂತು ತಾಳ ಹಾಕಿದೆ. ನೀವು ಕಥೆ ಬಿಟ್ಟು ಎಲ್ಲೆಲ್ಲೋ ಹೋದಾಗ ಮೆಲ್ಲಗೆ ಒಂದೇ ಏಟು ಹಾಕುತ್ತಿದ್ದೆ. “ನೋಡಿ, ಇವನು ನನ್ನನ್ನ ದಾರಿ ತಪ್ಪೋಕೆ ಬಿಡಲ್ಲ” ಅಂತ ನಗುತ್ತಾ ವಾಪಸ್ ಬರುತ್ತಿದ್ದಿರಿ.

ನಿನ್ನೆ ನಮ್ಮ ಬೀದಿಯ ಸಭೆಯಲ್ಲಿ ಜನ, “ಮನೆ ಒಡೆಯೋಕೆ ಬಿಡಲ್ಲ ಅಂತ ಮಾತು ಕೊಟ್ಟಿದ್ರಲ್ಲ?” ಅಂದಾಗ ನೀವು ಮಾತಿಗೆ ತಪ್ಪದ ರಾಜನ ಕಥೆ ತೆಗೆದಿರಿ. ನನಗೆ ಜೀವ ಬಂದಂತಾಯಿತು. ಕೊಟ್ಟ ಮಾತಿಗಾಗಿ ರಾಜ ಅರಮನೆ ಬಿಟ್ಟು ನಡೆಯುವಾಗ ನೀವು ಯಾವಾಗಲೂ ಅಳುತ್ತಿದ್ದಿರಿ. ಅದು ನಾಟಕವಲ್ಲ, ನಿಮ್ಮ ಟವೆಲ್ ಒಗೆದವನು ನಾನು.

ನಿನ್ನೆ ಆ ರಾಜ ಅರಮನೆ ಬಿಡಲಿಲ್ಲ. ಕೊಟ್ಟ ಮಾತನ್ನು ಪರಿಶೀಲಿಸಲು ಒಂದು ಸಮಿತಿ ಮಾಡಿದ. ಜನ ಚಪ್ಪಾಳೆ ತಟ್ಟಿದರು. ನನ್ನ ಕೈ ಮಾತ್ರ ಮಡಿಲಲ್ಲಿ ತಾಳ ಹುಡುಕುತ್ತಿತ್ತು.

ದಾರಿಯಲ್ಲಿ ಅಮ್ಮ ಕೇಳಿದಳು, “ರಾಜ ಹೊರಟುಹೋಗಬೇಕಿತ್ತಲ್ವೇನೋ?”

“ಅಣ್ಣನಿಗೆ ಗಂಟಲು ಕಟ್ಟಿತ್ತು ಕಣಮ್ಮ, ಉಳಿದದ್ದನ್ನ ಭಾನುವಾರ ಬಂದು ಹೇಳ್ತಾರೆ” ಅಂದುಬಿಟ್ಟೆ. ನಿಮಗಾಗಿ ನಾನು ಹೇಳಿದ ಮೊದಲ ಸುಳ್ಳು ಅದು.

ಒಡೆಯುವವರು ಸೋಮವಾರ ಬರುತ್ತಾರಂತೆ. ಭಾನುವಾರ ದಯವಿಟ್ಟು ಬನ್ನಿ. ವೇದಿಕೆ ಬೇಡ, ನಮ್ಮ ಮನೆಯ ಜಗಲಿ ಸಾಕು. ಬಿಸಿನೀರು ಕಾಯಿಸಿಟ್ಟಿರುತ್ತೇನೆ, ಗಂಟಲಿಗೆ.

ತಾಳ ಇನ್ನೂ ನನ್ನ ಹತ್ತಿರವೇ ಇದೆ.

ಇತಿ,
ನಿಮ್ಮ ಪಕ್ಕದಲ್ಲಿ ಕೂರುತ್ತಿದ್ದವನು