ಅತ್ತೆಯ ಚಿತ್ರಕ್ಕೆ ಬಿದ್ದ ಹಾರ

ರೀ,

ಪಾತ್ರೆ ಅರ್ಧ ತೊಳೆದು ಬಿಟ್ಟಿದ್ದೇನೆ, ಬೈಯಬೇಡಿ. ತೊಳೆಯುತ್ತಿದ್ದಾಗಲೇ ಫ್ರೇಮಿನ ಅಂಗಡಿ ಹುಡುಗ ನಮ್ಮ ತೇಜು ಬರೆದ ಚಿತ್ರಗಳನ್ನು ತಂದ. ಅತ್ತೆಯ ಚಿತ್ರಕ್ಕೆ ಗಂಧದ ಹಾರ ಹಾಕಿಬಿಟ್ಟಿದ್ದಾನೆ! ವಯಸ್ಸಾದವರ ಚಿತ್ರಕ್ಕೆ ಕಟ್ಟು ಹಾಕಿಸುವುದು ತೀರಿಕೊಂಡ ಮೇಲೆಯೇ ಎಂದುಕೊಂಡನಂತೆ. ತೇಜು ಅತ್ತೇಬಿಟ್ಟಳು. ಆ ಚಿತ್ರ ಮಾರಲು ಅಜ್ಜಿಯ ಒಪ್ಪಿಗೆ ಕೇಳುವುದಕ್ಕೇ ವಾರದಿಂದ ಹೆದರುತ್ತಿದ್ದವಳು, ಇನ್ನು ಮಧುಗಿರಿಯ ಚಿತ್ರಸಂತೆಗೆ ಅದನ್ನು ಒಯ್ಯುವುದೇ ಇಲ್ಲ ಎಂದಳು. ಇದ್ದುದರಲ್ಲಿ ಚೆಂದದ್ದು ಅದೇ ಅಲ್ಲವೇ?

ಅತ್ತೆ ಬಂದು ನೋಡಿದರು. ಹಾರ ತೆಗೆದು ತಮ್ಮ ಕೊರಳಿಗೇ ಹಾಕಿಕೊಂಡು, "ಲೇ, ನಾನಿನ್ನೂ ಮುದ್ದೆ ನುಂಗ್ತಾ ಇವ್ನಿ ಕಣ್ಲಾ! ಬಾ, ನೀನೂ ಒಂದು ತಿನ್ಕಂಡು ಹೋಗು" ಎಂದು ಅವನನ್ನು ಕೂರಿಸಿದರು. ನನಗೆ ಹೋದ ಜೀವ ಬಂತು, ತೇಜುವೂ ನಕ್ಕು ಚಿತ್ರ ಒಯ್ಯಲು ಒಪ್ಪಿದಳು.

ಸಾರು ಬಿಸಿ ಮಾಡಿಕೊಳ್ಳಿ. ಎಮ್ಮೆಗೆ ನೀರು ಮರೆಯಬೇಡಿ. ಅತ್ತೆಯೂ ನಮ್ಮ ಜೊತೆ ಸಂತೆಗೆ ಹೊರಟಿದ್ದಾರೆ, ಮಳಿಗೆಯಲ್ಲಿ ಚಿತ್ರದ ಪಕ್ಕದಲ್ಲೇ ಕೂರುತ್ತಾರಂತೆ.

ಇಗೋ, ಚಪ್ಪಲಿ ಹಾಕಿಕೊಳ್ಳುತ್ತಾ ನಿಮ್ಮ ಮಗಳು ಕೊನೆಗೂ ಬಾಯಿಬಿಟ್ಟಳು: "ಅಜ್ಜೀ, ಯಾರಾದ್ರೂ ಕೇಳಿದ್ರೆ ನಿನ್ನ ಚಿತ್ರ ಮಾರ್ಬುಡ್ಲಾ?"