ಹೊಲ ನೋಡಿ ಬಂದ ವರದಿ

ಉದಗೀರ ಪೇಟೆಯ ಸಮಸ್ತ ಬೇಳೆಕಾಳುಗಳ ಒಡೆಯರಾದ ತೀರ್ಥರೂಪ ಮನ್ಮಥಪ್ಪನವರ ಪಾದಗಳಿಗೆ ಮಗ ಪಂಕಜನ ಶರಣು ಶರಣಾರ್ಥಿ.

ಅಪ್ಪಾ, ಅಂಗಡಿ ಮುಚ್ಚಿ ನಾವೆಲ್ಲ ಹೋಗಿ ನೆಲೆಸಲು ಹೊಲ ನೋಡಿ ಬಾ ಎಂದು ಮೂರು ಊರು ಹೇಳಿದ್ದಿರಿ. ವಿಚಾರಣೆ ಮುಗಿದಿದೆ. ತುರೋರಿಯ ಲಾರಿ ಸದ್ದಿಗೆ ನಿಮ್ಮ ಲಿಂಗಪೂಜೆ ಕೆಡುತ್ತದೆ. ಮಾಕಣಿಯಲ್ಲಿ ನೀರಿದೆ, ಸೊಳ್ಳೆಯೂ ಇದೆ. ದೇವಣಿಯೇ ಯೋಗ್ಯ.

ಅಲ್ಲಿ ಹೊಲದ ಮಾಲಕಿ ಚಂಪಾಬಾಯಿ, "ಅಂಗಡ್ಯಾವ್ರಿಗೆ ಭೂಮಿ ಮಾರಂಗಿಲ್ಲ ತಮ್ಮಾ. ಮೊದಲ ಈ ಆಕಳಾ ಹಿಂಡಿ ತೋರಸು, ಆಮ್ಯಾಗ ಮಾತಾಡೂಣು" ಅಂದರು. ಎರಡು ದಿನ ಒದೆ ತಿಂದೆ. ಮೂರನೆಯ ದಿನ ಅರ್ಧ ತಂಬಿಗೆ ಹಾಲು ಬಂತು, ಚಂಪಾಬಾಯಿ ಒಪ್ಪಿದರು. ಅವರ ಮನಸ್ಸು ತಿರುಗುವ ಮೊದಲು ನೀವು ಬಂದು ಕಾಗದ ಮಾಡಿಸಿರಿ.

ನಿಮ್ಮ ಆಜ್ಞಾಧಾರಕ,
ಪಂಕಜ

ತಾ.ಕ.: ತುರೋರಿಗೂ ಮಾಕಣಿಗೂ ನಾನು ಹೋಗಿಯೇ ಇಲ್ಲ.