ಚಹಾ ಆದಮೇಲೆ ಅಡ್ವಾನ್ಸ್

ಅತ್ತೆ,

ನಾನೂ ನಿಮ್ಮ ಮಗನೂ ಕುಂಬಳೆ ಸ್ಟೇಷನ್ ಹತ್ತಿರದ ಬಾಡಿಗೆ ಮನೆ ನೋಡಲು ಹೊರಟೆವು. ನಿಮ್ಮನ್ನು ಎಬ್ಬಿಸಲಿಲ್ಲ. ದೋಸೆ ಹಿಟ್ಟು ಹೊರಗೆ ಉಂಟು. ಮಾತ್ರೆ ನುಂಗಿದ ಮೇಲೆಯೇ ಪೇಪರ್ ಓದಿ.

ಓನರಿನ ಮಗ ದುಬೈಯಿಂದ ಬರುತ್ತಾನಂತೆ, ಈ ಮನೆ ಬಿಡಲೇಬೇಕು. ಹೆದ್ದಾರಿ ಅಗಲವಾದ ಮೇಲೆ ಎಲ್ಲಿ ಬಾಡಿಗೆ ಕೇಳಿದರೂ ತಲೆ ತಿರುಗುತ್ತದೆ. ಇವರೋ, ಫೋನಿನಲ್ಲಿ ಆ ಮನೆಯ ಟೈಲ್ಸ್ ನೋಡಿಯೇ ಮರುಳಾಗಿದ್ದಾರೆ. ಇವತ್ತೇ ಅಡ್ವಾನ್ಸ್ ಕೊಡುತ್ತಾರಂತೆ. ನಾನು ಬಿಡುವುದಿಲ್ಲ.

ಈ ಮನೆ ಹುಡುಕುವಾಗ ನೀವು ಒಂದೊಂದು ಬಾವಿಯ ನೀರನ್ನೂ ಬಾಟಲಿಯಲ್ಲಿ ತಂದು ಚಹಾ ಮಾಡಿ ಕುಡಿದಿರಿ. ಬ್ರೋಕರ್ ನಕ್ಕಿದ್ದ. ಬೇಸಗೆಯಲ್ಲಿ ಸುತ್ತಲಿನ ಬಾವಿಗಳೆಲ್ಲ ಉಪ್ಪಾದವು, ನಮ್ಮದು ಆಗಲಿಲ್ಲ. ಟ್ಯಾಂಕರಿಗೆ ಕಾಯುತ್ತಿದ್ದವರನ್ನೆಲ್ಲ ನೀವೇ ಕರೆದು ನೀರು ಕೊಟ್ಟಿರಿ. ಆ ಬ್ರೋಕರಿನ ಹೆಂಡತಿಯೂ ಕೊಡ ಹಿಡಿದು ಬಂದಿದ್ದಳು, ಅವಳ ಕೊಡವನ್ನೂ ನೀವೇ ತುಂಬಿಸಿಕೊಟ್ಟಿರಿ. ನನ್ನಿಂದ ಅದು ಆಗುತ್ತಿರಲಿಲ್ಲ ಅತ್ತೆ.

ಬಾಟಲಿ ತೊಳೆದು ಬ್ಯಾಗಿಗೆ ಹಾಕಿದ್ದೇನೆ. ನಾವು ಬರುವವರೆಗೆ ಸಂಜೆಯ ಚಹಾ ಮಾಡಬೇಡಿ, ಆ ಮನೆಯ ನೀರಲ್ಲೇ ಮಾಡುವ. ನೀವು ಲೋಟ ಖಾಲಿ ಮಾಡಿದರೆ ಅಡ್ವಾನ್ಸ್. ಅರ್ಧಕ್ಕೆ ಕೆಳಗಿಟ್ಟರೆ, ಟೈಲ್ಸ್ ಎಷ್ಟು ಹೊಳೆದರೂ ನಮಗೆ ಬೇಡ.

ಅಮೂಲ್ಯಾ